ಪಡಸಾಲೆಯ ವಿಡಿಯೋ ಗೇಮು

ನಮ್ಮ ಮನೆಯವರಿಗೆ ಮೊದಲಿನಿಂದಲೂ ಒಂದು ಚಟ. ಯಾರಾದರೂ ಬಿಸಾಡುವ ಸಾಮಾನು ಕಂಡರೆ ಅದು ತಮಗೇ ಬೇಕು. ಸಿಂದಗಿಯ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ವಿಡಿಯೋ ಗೇಮಿನ ಅಂಗಡಿ ಮುಚ್ಚಿದಾಗ, ಗುಜರಿಗೆ ಹೋಗಬೇಕಿದ್ದ ಒಂದು ಆಟದ ಡಬ್ಬಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಪಡಸಾಲೆಯಲ್ಲಿ ನಿಲ್ಲಿಸಿದರು. ಹೆಸರಿಗೆ ಡಬ್ಬಿ, ಎತ್ತರ ಮಾತ್ರ ಕಪಾಟಿನಷ್ಟು. ನಿಂತರೆ ಕೈಗೆ ಸರಿಯಾಗಿ ಸಿಗುವಂತೆ ಎರಡು ಹ್ಯಾಂಡಲ್ಲು, ಅದರ ಮೇಲೆ ಟಿವಿಯಂಥ ಪರದೆ. ನಾಣ್ಯ ಹಾಕುವ ಕಿಂಡಿಯ ಬದಲು ಬಾಗಿಲಗಂಟೆಯ ಗುಂಡಿ ಕೂಡಿಸಿದರು, ಒತ್ತಿದರೆ ಆಟ ಶುರು. ತೊಗರಿ ಚೀಲ ಇಡುವ ಜಾಗದಲ್ಲಿ ಈ ದೆವ್ವವನ್ನು ಯಾಕೆ ತಂದಿರಿ ಎಂದು ಬೈದೆ. ಮದುವೆಯಾಗಿ ವರ್ಷ ಕಳೆದಿತ್ತು, ಗಂಡನನ್ನು ಬೈಯುವಷ್ಟು ಧೈರ್ಯ ಬಂದಿತ್ತು.

ಅತ್ತೆಯ ಮುಂದೆ ಮಾತ್ರ ನನ್ನ ಬಾಯಿಗೆ ಬೀಗ. ಇಂಡಿ ಕಡೆಯ ನನ್ನ ತವರಿನಲ್ಲಿ ನಾನು ಗಂಡುಬೀರಿ ಎನಿಸಿಕೊಂಡವಳು. ಇಲ್ಲಿ ತಲೆಯ ಮೇಲಿನ ಸೆರಗು ಜಾರುವಂತಿಲ್ಲ. ಅತ್ತೆ ಮಾವ ಕುರ್ಚಿಯಲ್ಲಿದ್ದರೆ ಸೊಸೆ ಸರಿಸಮ ಕೂಡುವಂತಿಲ್ಲ, ನೆಲಕ್ಕೆ ಕೂಡಬೇಕು, ಇಲ್ಲವೆ ಬಾಗಿಲಿಗೊರಗಿ ನಿಲ್ಲಬೇಕು. ಅತ್ತೆ ಕೆಟ್ಟವರೇನಲ್ಲ. ಹಾಲು ಕಾಸಿದೆಯಾ, ರೊಟ್ಟಿ ಆಯಿತಾ, ಅಲ್ಲಿಗೆ ಮಾತು ಮುಗಿಯಿತು. ಕೆಳಗೆ ಕೂತು ಕತ್ತೆತ್ತಿ ಎಷ್ಟು ತಾನೇ ಮಾತಾಡುವುದು? ಗಂಡಸರು ಕಾಳು ಮಾರಿಸಿಕೊಡುವ ಅಡತಿ ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಇಡೀ ಮಧ್ಯಾಹ್ನ ಮಾತಿಲ್ಲ ಕತೆಯಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

ಅಂಥ ಒಂದು ಮಧ್ಯಾಹ್ನ ಬೇಸರಕ್ಕೆ ಗುಂಡಿ ಒತ್ತಿ ಆಡುತ್ತ ನಿಂತಿದ್ದೆ. ಎರಡು ವಿಮಾನಗಳ ಆಟ. ಎದುರಿನಿಂದ ಹಿಂಡುಹಿಂಡಾಗಿ ಬರುವ ವಿಮಾನಗಳನ್ನು ಹೊಡೆದುರುಳಿಸಬೇಕು. ಅತ್ತೆ ಯಾವಾಗ ಬಂದು ಪಕ್ಕ ನಿಂತರೋ ಗೊತ್ತಾಗಲಿಲ್ಲ. ಇದು ಹಕ್ಕಿ ಕಾಯುವ ಕೆಲಸವಲ್ಲವೇನು ಎಂದವರೇ ಇನ್ನೊಂದು ಹ್ಯಾಂಡಲ್ಲು ಹಿಡಿದರು. ತವರು ಮೋರಟಗಿಯ ಹೊಲದಲ್ಲಿ ಹುಡುಗಿಯಾಗಿದ್ದಾಗ ಅಟ್ಟಣಿಗೆ ಹತ್ತಿ, ಕವಣೆ ಬೀಸಿ, ಜೋಳದ ಹಕ್ಕಿ ಓಡಿಸಿದ ಕೈ ಅದು. ನನ್ನ ವಿಮಾನ ಬಿದ್ದರೂ ಅವರದು ಬೀಳುತ್ತಿರಲಿಲ್ಲ. ನಾನು ಗುರಿ ತಪ್ಪಿದರೆ, ಎತ್ತ ನೋಡುತ್ತಿ, ತೆನೆಯೆಲ್ಲ ತಿಂದು ಹೋದವು ಎಂದು ಗದರುತ್ತಿದ್ದರು.

ಅಲ್ಲಿ ಕುರ್ಚಿಯಿಲ್ಲ, ಆದ್ದರಿಂದ ರಿವಾಜೂ ಇಲ್ಲ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದೆವು. ಕಣ್ಣು ಪರದೆಯ ಮೇಲಿದ್ದುದಕ್ಕೋ ಏನೋ, ಮಾತು ತಾನಾಗಿ ಬಂತು. ತಾವು ಹೊಸ ಸೊಸೆಯಾಗಿ ಬಂದಾಗ ಕಾಳಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದನ್ನು ಅವರು ಹೇಳಿದ್ದು ಆಡುವಾಗಲೇ. ನಾನೂ ಅದೇ ಕೋಣೆಯಲ್ಲಿ ಅಳುತ್ತಿದ್ದೆ ಎಂದು ಹೇಳಿಬಿಟ್ಟೆ. ಗೊತ್ತು ಎಂದರು, ಗುಂಡು ಹೊಡೆಯುವುದನ್ನು ನಿಲ್ಲಿಸಲಿಲ್ಲ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಜೀವಕ್ಕೆ ಹಿತವಾಗುತ್ತದೆ.

ಬೇಸಿಗೆಯಲ್ಲೊಮ್ಮೆ ಹೋದ ಕರೆಂಟು ಧಡಕ್ಕನೆ ಬಂದು ಡಬ್ಬಿಯೊಳಗಿಂದ ಹೊಗೆ ಎದ್ದಿತು. ಪರದೆ ಕಪ್ಪಾಯಿತು. ಮರುದಿನದಿಂದ ಅತ್ತೆ ಮತ್ತೆ ಕುರ್ಚಿಯಲ್ಲಿ, ನಾನು ನೆಲದಲ್ಲಿ. ಹಾಲು, ರೊಟ್ಟಿ. ಅಷ್ಟೆಲ್ಲ ಮಾತಾಡಿದವರಿಗೆ ಈಗೇನಾಯಿತು ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರಾದರೂ ಏನು ಮಾಡಿಯಾರು, ಕುರ್ಚಿಯಿಂದ ನೆಲಕ್ಕೆ ಅಂಥ ಮಾತು ಇಳಿಯುವುದಿಲ್ಲ.

ರಿಪೇರಿ ಮಾಡಿಸಿರೆಂದು ಗಂಡನ ಜೀವ ತಿಂದೆ. ಊರಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಗೆಳೆಯನನ್ನು ಕರೆತಂದರು. ಅವನು ಹಿಂಬದಿಯ ಹಲಗೆ ಬಿಚ್ಚಿ ನೋಡಿ, ಬೋರ್ಡು ಸುಟ್ಟಿದೆ, ಇಂಥದ್ದು ವಿಜಾಪುರದಲ್ಲೂ ಸಿಗುವುದಿಲ್ಲ ಎಂದ. ಅದರ ಬದಲು ತನ್ನ ಕ್ಲಾಸಿನ ಹಳೆಯ ಕಂಪ್ಯೂಟರನ್ನೇ ಒಳಗೆ ಕೂಡಿಸಿದರೆ ಅದೇ ಆಟ ಅದರಲ್ಲಿ ನಡೆಯುತ್ತದಂತೆ. ಒಂದು ಕೀಬೋರ್ಡು ಬಿಚ್ಚಿ, ಅದರ ವೈರುಗಳನ್ನು ಹ್ಯಾಂಡಲ್ಲಿಗೆ ಬೆಸೆಯಬೇಕು. ಬಾಗಿಲ ಮರೆಯಿಂದ ನಾನು ಕೇಳಿದ್ದು ಒಂದೇ ಮಾತು, ಎರಡೂ ಹ್ಯಾಂಡಲ್ಲು ನಡೆಯುತ್ತವೆಯೇ ಎಂದು. ಎರಡೂ ನಡೆಯುತ್ತವೆ ಎಂದ ಪುಣ್ಯಾತ್ಮ.

ಆಮೇಲೆ ನಾಗರಪಂಚಮಿ ಬಂತು, ತವರಿಗೆ ಹೋದೆ. ಜೋಕಾಲಿ ಜೀಕುವಾಗಲೂ ಸಿಂದಗಿಯ ಡಬ್ಬಿಯದೇ ಧ್ಯಾನ. ಉಂಡಿ ಕಟ್ಟಿಕೊಂಡು ಮರಳಿ ಬಂದು ನೋಡಿದರೆ ಡಬ್ಬಿ ಗಿಡ್ಡಾಗಿತ್ತು! ಅವ್ವನ ಮೊಣಕಾಲು ನೋಯುತ್ತವೆ, ನಿಂತು ಆಡುವುದು ಬೇಡ ಎಂದು ನಮ್ಮವರು ಬಡಿಗೇರನನ್ನು ಕರೆಸಿ ಬುಡವನ್ನು ಕೊಯ್ಯಿಸಿದ್ದರು. ಮುಂದೆ ಒಂದೇ ಕುರ್ಚಿ. ನಿಂತರೆ ಹ್ಯಾಂಡಲ್ಲು ಬಗ್ಗಿ ಹಿಡಿಯಬೇಕು, ನೆಲಕ್ಕೆ ಕೂತರೆ ಎಟುಕುವುದಿಲ್ಲ. ತಾಯಿಯ ಮೇಲಿನ ಮಾಯೆಯಿಂದ ಮಾಡಿದ ಕೆಲಸ, ಬಾಯಿಬಿಟ್ಟು ಬೈಯುವಂತೆಯೂ ಇಲ್ಲ.

ಶುರು ಮಾಡುವ ದಿನ ಪರದೆಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಮಾವ ಆಚೆ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು, ಕಂಪ್ಯೂಟರ್ ಕೂಡಿಸಿದ ಗೆಳೆಯ ನಮ್ಮವರ ಪಕ್ಕ ನಿಂತಿದ್ದ. ಅತ್ತೆ ಡಬ್ಬಿಯ ಮುಂದೆ ಕೂತು ಗುಂಡಿ ಒತ್ತಿದರು. ಅದೇ ಆಟ, ಅದೇ ಸದ್ದು. ನಾನು ಸೆರಗು ಹಿಡಿದು ಹಿಂದೆ ನಿಂತಿದ್ದೆ. ಕೈ ಹಚ್ಚುವವರಿಲ್ಲದೆ ನನ್ನ ವಿಮಾನ ಬಂದಷ್ಟೇ ಬೇಗ ಬಿದ್ದು ಹೋಯಿತು. ನನ್ನ ಜಾಗ ಹೋಯಿತು, ಇನ್ನು ಮುಗಿಯಿತು ಎಂದುಕೊಂಡೆ.

ಅತ್ತೆ ಹ್ಯಾಂಡಲ್ಲು ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಮಗನಿಗೆ ಹೇಳಿದರು, “ಇನ್ನೊಂದ್ ಕುರ್ಚಿ ತಾ.”

ಗೆಳೆಯನಿಗಿರಬೇಕೆಂದು ನಮ್ಮವರು ಕುರ್ಚಿ ತಂದು ಹಾಕಿದರು. ಅವನು ಸಂಕೋಚದಿಂದ ಮುಂದೆ ಬಂದ.

“ನಿನಗಲ್ಲಪಾ,” ಎಂದರು ಅತ್ತೆ. “ಆಕಿಗಿ.”

ಮಾವ ಕೆಮ್ಮಿದರು. ನಮ್ಮವರು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. ಅತ್ತೆ ಹಿಂದಕ್ಕೆ ಕೈ ಚಾಚಿ ನನ್ನ ರಟ್ಟೆ ಹಿಡಿದು ಎಳೆದರು. ಕುರ್ಚಿಯ ತುದಿಗೆ, ಇದ್ದೂ ಇಲ್ಲದ ಹಾಗೆ ಕೂತೆ. ಅತ್ತೆ ಗುಂಡಿ ಒತ್ತಿದರು. ಎರಡು ವಿಮಾನ ಎದ್ದವು. ಅವರು ನನ್ನತ್ತ ನೋಡಲಿಲ್ಲ.

“ಹಿಂದಕ ಸರದು ಕುಂಡ್ರು,” ಎಂದರು. “ಹಂಗ ತುದಿಗೆ ಕುಂತ್ರ ಬೀಳ್ತಿ.”