ಸೀರೆ ಗಾರ್ಡಿನ ಕೆಸರು

ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಎಡಮಗ್ಗುಲಿಗೆ ಒಂದು ಕಬ್ಬಿಣದ ಜಾಲರಿ ಇದೆ. ಒಂದೇ ಕಡೆ ಕಾಲು ಇಳಿಬಿಟ್ಟು ಹಿಂದೆ ಕೂರುವ ಹೆಂಗಸರ ಸೆರಗು ಚಕ್ರದ ಕಡ್ಡಿಗಳಿಗೆ ಸಿಕ್ಕದಿರಲಿ ಎಂದು ಹಾಕಿಸುವ ಈ ಸಾಮಾನಿಗೆ ನಮ್ಮ ಸಾಗರದ ಗ್ಯಾರೇಜಿನವರು ಸೀರೆ ಗಾರ್ಡು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಗಾಡಿ ತೊಳೆಯಲು ಕೂತರೆ ಮಿಕ್ಕ ಭಾಗವೆಲ್ಲ ಒಂದೆರಡು ಕೊಡ ನೀರಿಗೆ ಬಗ್ಗುತ್ತದೆ, ಇದೊಂದು ಬಗ್ಗುವುದಿಲ್ಲ. ಇದರ ಸಂದಿಗೊಂದಿಗಳಲ್ಲಿ ಮೆತ್ತಿ ಒಣಗಿದ ಕೆಂಪು ಕೆಸರನ್ನು ತೆಂಗಿನ ಗರಿಯ ಕಡ್ಡಿ ಹಿಡಿದು ಕೆರೆದು ತೆಗೆಯಬೇಕು. ಗ್ಯಾರೇಜಿನ ಇಬ್ರಾಹಿಂ ಪ್ರತಿ ಸಲವೂ, "ಮೇಷ್ಟ್ರೇ, ಇದನ್ನ ಬಿಚ್ಚಿ ಇಡ್ಲಾ? ಸುಮ್ನೆ ಗಡಗಡ ಅಂತದೆ. ಇನ್ನೆಂತಕ್ಕೆ ಇದು?" ಎಂದು ಕೇಳುತ್ತಾನೆ, ಕೇಳಿದ ಮರುಕ್ಷಣ ತಾನೇ ನಾಲಿಗೆ ಕಚ್ಚಿಕೊಂಡು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ತಿರುಗುತ್ತಾನೆ. ಇರಲಿ ಬಿಡು ಎನ್ನುತ್ತೇನೆ ನಾನು.

ನಿಮಗೆ ನಗು ಬರಬಹುದು, ಆದರೆ ನನ್ನ ಮದುವೆಯ ಮಾತು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಮುಗಿದಿತ್ತು, ಮೋಟಾರ್ ಸೈಕಲ್ಲಿನ ಮಾತು ಮಾತ್ರ ವರ್ಷಗಟ್ಟಲೆ ನಡೆಯಿತು. ಹೆಣ್ಣನ್ನು ಆರಿಸುವಾಗ ಹಿರಿಯರಿದ್ದರು, ಜಾತಕವಿತ್ತು. ಗಾಡಿ ಆರಿಸುವಾಗ ಸಾಗರದ ಪೇಟೆಯಲ್ಲಿ ಕಾಫಿ ಕುಡಿಯುವ ಪ್ರತಿಯೊಬ್ಬನೂ ಹಿರಿಯನೇ. ನನಗೆ ಬೇಕಿದ್ದದ್ದು ಎರಡು ಬಗೆಯ ಕೆಲಸಕ್ಕೆ ಒದಗುವ ಒಂದೇ ಗಾಡಿ. ದಿನ ಬೆಳಗಾದರೆ ಇಕ್ಕೇರಿ ದಾರಿಯ ನಮ್ಮ ಶಾಲೆಗೆ ಹೋಗಿ ಬರಬೇಕು, ದನಕ್ಕೆ ಹಿಂಡಿ ತರಬೇಕು, ಹಿಟ್ಟಿನ ಗಿರಣಿಗೆ ಅಲೆಯಬೇಕು. ಹಾಗೆಯೇ ಎಂದಾದರೊಮ್ಮೆ, ರಜೆಯಲ್ಲಿ, ಹೆಂಡತಿಯನ್ನು ಕೂರಿಸಿಕೊಂಡು ದೂರ ಹೋಗಬೇಕು. ಇಂಥ ಗಾಡಿ ಇಲ್ಲ ಎಂದು ಕಾಫಿ ಹೋಟೆಲಿನ ಪಂಡಿತರು ಒಕ್ಕೊರಲಿನಿಂದ ಹೇಳಿದರು. ಪೇಟೆಗೆ ಆಗುವುದು ಘಟ್ಟಕ್ಕೆ ಆಗದು, ಘಟ್ಟಕ್ಕೆ ಆಗುವುದನ್ನು ಪೇಟೆಯ ಗಲ್ಲಿಯಲ್ಲಿ ತಿರುಗಿಸಲಾಗದು. ಆಗ ಅದನ್ನು ಬರೀ ಗಾಡಿಯ ಮಾತೆಂದು ತಿಳಿದಿದ್ದೆ. ದಿನದಿನದ ಬದುಕಿಗೆ ಒಗ್ಗುವಂತೆ ಮನುಷ್ಯ ತನ್ನನ್ನು ತಾನು ತೇಯ್ದುಕೊಂಡ ಮೇಲೆ ದೂರದ್ದಕ್ಕೆಂದು ಅವನಲ್ಲಿ ಏನಾದರೂ ಉಳಿದಿರುತ್ತದೆಯೇ ಎಂಬ ಪ್ರಶ್ನೆ ಅದರೊಳಗಿತ್ತೆಂದು ಈಗ ಅನ್ನಿಸುತ್ತದೆ.

ದೂರ ಎಂದೆನಲ್ಲ, ಆ ದೂರಕ್ಕೊಂದು ಹೆಸರಿತ್ತು: ಮಂಡಗದ್ದೆ. ನನ್ನ ಹೆಂಡತಿ ಗಿರಿಜೆಯ ತವರು ಹೊಸನಗರ. ಚಿಕ್ಕಂದಿನಲ್ಲಿ ಒಂದಿಷ್ಟು ಕಾಲ ಅವಳು ತೀರ್ಥಹಳ್ಳಿಯ ಆಚೆ, ಮಂಡಗದ್ದೆಯ ದೊಡ್ಡಮ್ಮನ ಮನೆಯಲ್ಲಿದ್ದಳಂತೆ. ಅಲ್ಲಿ ತುಂಗೆಯ ನಡುವೆ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟುತ್ತವೆ. "ಎಲೆ ಅನ್ನೋದೇ ಕಾಣ್ತಿರ್ಲಿಲ್ಲ ಕಣ್ರೀ, ಬರೀ ಹಕ್ಕಿ. ದೊಡ್ಡಮ್ಮ ನನ್ನನ್ನ ಗೊರಬಿನೊಳಗೆ ಸೇರಿಸ್ಕೊಂಡು ದಡದ ಮೇಲೆ ನಿಂತಿರ್ತಿದ್ರು. ಆ ಗಲಾಟೆ! ನಿಮ್ಮ ಶಾಲೆ ಬಿಟ್ಟಾಗ್ಲೂ ಅಷ್ಟು ಗಲಾಟೆ ಇರ್ಲಿಕ್ಕಿಲ್ಲ" ಎಂದು ಅವಳು ಹೇಳುವಾಗ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಉಂಟು. ಅದನ್ನು ಮತ್ತೊಮ್ಮೆ ನೋಡಬೇಕು ಎಂಬುದೊಂದೇ ಅವಳು ನನ್ನನ್ನು ಕೇಳಿದ್ದು. ಒಡವೆ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ.

ಬಸ್ಸಿನಲ್ಲಿ ಹೋಗಿ ಬರಬಹುದಿತ್ತಲ್ಲ ಎನ್ನುತ್ತೀರಿ. ಬಸ್ಸೆಂದರೆ ಗಿರಿಜೆಗೆ ಯಮ. ಹತ್ತುವುದಿರಲಿ, ಬಸ್ ಸ್ಟ್ಯಾಂಡಿನ ಹೊಗೆಯ ವಾಸನೆಗೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಮದುವೆಯ ದಿಬ್ಬಣದ ಬಸ್ಸಿನಲ್ಲಿ ಹೊಸನಗರದಿಂದ ಸಾಗರದವರೆಗೆ, ಕೈಯಲ್ಲಿ ನಿಂಬೆಹಣ್ಣು ಹಿಡಿದು, ಕಿಟಕಿಯಿಂದ ತಲೆ ಒಳಗೆ ತೆಗೆಯದೆ ಬಂದ ಮದುಮಗಳು ಅವಳು; ನಡುದಾರಿಯ ಊರು ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಲ್ಲಿಸಿ ಮುಖ ತೊಳೆಸಬೇಕಾಯಿತು. ಆಮೇಲೆ ತವರಿಗೆ ಹೋದದ್ದೂ ಅಪರೂಪ, ಹೋದಾಗಲೆಲ್ಲ ಮಾರನೆಯ ದಿನವಿಡೀ ಮಲಗಿದ್ದಳು. ತೀರ್ಥಹಳ್ಳಿಯ ತಿರುವುಗಳನ್ನು ಬಸ್ಸಿನಲ್ಲಿ ದಾಟುವ ಮಾತೇ ಇರಲಿಲ್ಲ. ಗಾಳಿಗೆ ಮುಖ ಕೊಟ್ಟು ಹೋಗುವ ವಾಹನವೊಂದೇ ಅವಳಿಗಿದ್ದ ದಾರಿ.

ಹಾಗಾಗಿ ಗಾಡಿ ಆರಿಸಿದ್ದು ನಾನಲ್ಲ, ಅವಳು. ಅದೂ ಮೂಗಿನಿಂದ! ಹಾಲಿನವರು ಓಡಿಸುವ ಹಗುರದ ಗಾಡಿಯೊಂದನ್ನು ಮೊದಲು ಅಂಗಳಕ್ಕೆ ತರಿಸಿದೆ. ಅದು ಪಾಪ ಇಬ್ಬರನ್ನು ಹೊತ್ತು ನಮ್ಮ ಬೀದಿಯ ದಿಬ್ಬ ಹತ್ತುವುದರಲ್ಲೇ ಏದುಸಿರು ಬಿಟ್ಟಿತು. ಆಮೇಲೆ ಅವಳ ತಮ್ಮ ನಾಗರಾಜ ಹೊಸನಗರದಿಂದ ತನ್ನ ಎರಡು ಸೈಲೆನ್ಸರಿನ ಗಾಡಿ ತಂದು, "ಭಾವ, ಕಣ್ಣು ಮುಚ್ಕೊಂಡು ಇದನ್ನೇ ತಗಳಿ. ಘಟ್ಟ ಅಂದ್ರೆ ಇದಕ್ಕೆ ಲೆಕ್ಕಕ್ಕೇ ಇಲ್ಲ" ಎಂದು ಕಿವಿ ಹಿಂಡಿದ. ಹಿಂಡಿದ್ದು ಗಾಡಿಯ ಕಿವಿಯನ್ನು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿ ಅದು; ನೀಲಿ ಹೊಗೆ ಅಂಗಳ ತುಂಬಿತು. ಗಿರಿಜೆ ಸೆರಗು ಮೂಗಿಗೆ ಒತ್ತಿಕೊಂಡು, "ಮಾರಾಯ, ಇದು ಬಸ್ಸಿನ ಮರಿ ಅಲ್ವೇನೋ" ಎಂದು ಹಿತ್ತಿಲಿಗೆ ಓಡಿದಳು. ಕೊನೆಗೆ ಉಳಿದದ್ದು ಗುಡುಗುಡು ಎನ್ನುವ ಆ ದೊಡ್ಡ ಗಾಡಿ. ಅವಳು ಅದರ ಹಿಂದೆ ಬಗ್ಗಿ ನಿಂತು, ಮೂಸಿ, ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಇದಾಗಬಹುದು" ಎಂದಳು.

ನನ್ನನ್ನು ನೀವು ನೋಡಿಲ್ಲ. ಗಾಳಿ ಬಂದರೆ ಕೊಡೆಯ ಜತೆ ನಾನೂ ಹಾರುವ ಆಳು. ಆ ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸುವುದಕ್ಕೇ ಇನ್ನೊಬ್ಬರು ಬೇಕು, ಕಿಕ್ಕು ತಿರುಗಿ ಹೊಡೆದರೆ ಕಾಲಿಗೆ ಮೂರು ದಿನ ಎಣ್ಣೆ ಹಚ್ಚಬೇಕು. "ಮೇಷ್ಟ್ರು ಗಾಡಿ ಹೊಡೀತಾರಾ, ಗಾಡಿ ಮೇಷ್ಟ್ರನ್ನ ಹೊಡೀತದಾ" ಎಂದು ಪೇಟೆಯವರು ಬಾಯ್ತುಂಬ ನಕ್ಕರು. ಆದರೂ ಬುಕ್ ಮಾಡಿಸಿದೆ. ಆ ಕಾಲದಲ್ಲಿ ಬುಕ್ ಮಾಡಿಸುವುದೆಂದರೆ ಹರಕೆ ಹೊತ್ತ ಹಾಗೆ, ಫಲ ಯಾವಾಗ ಎಂದು ಕೇಳುವಂತಿರಲಿಲ್ಲ. ಗಾಡಿ ಮನೆಗೆ ಬಂದಾಗ ಗಿರಿಜೆ ಆರತಿ ಎತ್ತಿ, ಇಬ್ರಾಹಿಮನನ್ನು ಕರೆಸಿ ಸೀರೆ ಗಾರ್ಡು ಹಾಕಿಸಿ, ಅದೇ ಸಂಜೆ ಇಕ್ಕೇರಿಗೆ ಹೊರಟೇ ಹೊರಟಳು. ಅಘೋರೇಶ್ವರನ ಗುಡಿಯ ಮುಂದೆ ಇಳಿದವಳು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. "ಏನೂ ಆಗ್ಲಿಲ್ಲ ಕಣ್ರೀ!" ಎಂದಳು. ಮಾರನೆಯ ವಾರ ವರದಹಳ್ಳಿಗೆ ಹೋದೆವು, ಆಗಲೂ ಏನೂ ಆಗಲಿಲ್ಲ. ಇನ್ನು ಮಂಡಗದ್ದೆ ಎಂದಳು.

ಅಷ್ಟರಲ್ಲಿ ಮಳೆ ಹಿಡಿಯಿತು.

ಇಲ್ಲಿ ನಮ್ಮ ಸೀಮೆಯ ಒಂದು ಮಾತನ್ನು ನಿಮಗೆ ಹೇಳಲೇಬೇಕು. ಮದುವೆಯಿರಲಿ, ಮನೆಗೆ ಸುಣ್ಣ ಬಳಿಯುವುದಿರಲಿ, ಹಲ್ಲು ಕೀಳಿಸುವುದಿರಲಿ, ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರ ಬಾಯಲ್ಲಾದರೂ ಒಂದೇ ಮಾತು: ಮಳೆ ಕಳೀಲಿ. ಅದು ಸೋಮಾರಿತನದ ಮಾತಲ್ಲ, ಬುದ್ಧಿವಂತಿಕೆಯ ಮಾತು. ಅಂಥ ಮಳೆಯಲ್ಲಿ ಬದುಕಿ ಕಲಿತದ್ದು. ಅತ್ತೆ ಹೇಳಿದರು, ನಾಗರಾಜ ಹೇಳಿದ, ಕಾಫಿ ಹೋಟೆಲಿನವರೂ ಹೇಳಿದರು, ಗಿರಿಜೆಯೇ ಹೇಳಿದಳು. ಕೆಂಪು ಜೇಡಿಯ ರಸ್ತೆ, ಮೈಮೇಲೆ ಬೀಳುವ ಮರ, ಅಷ್ಟು ಭಾರದ ಗಾಡಿ, ಇಷ್ಟೇ ಇಷ್ಟು ಮೇಷ್ಟ್ರು. ಯಾರಾದರೂ ಬೇರೆ ಹೇಳಲು ಸಾಧ್ಯವೇ? ಹಾಗೆಂದು ಕಾದೆವು. ಸೋನೆ ನಿಂತು, ಆಕಾಶ ತೊಳೆದಿಟ್ಟ ಹಾಗಾಗಿ, ರಸ್ತೆ ಗಟ್ಟಿಯಾದ ಮೇಲೆ, ದೀಪಾವಳಿಯ ರಜೆಗೆ ಹೊರಟೆವು.

ಆ ದಾರಿಯನ್ನು ನಾನು ಬಣ್ಣಿಸಲಾರೆ, ಬಣ್ಣಿಸಿದರೆ ಈ ಪ್ರಬಂಧ ಮುಂದಕ್ಕೆ ಹೋಗುವುದಿಲ್ಲ. ಹೊಸನಗರದಲ್ಲಿ ತವರುಮನೆಯ ಊಟ, ಅಲ್ಲಿಂದ ತೀರ್ಥಹಳ್ಳಿಯವರೆಗೆ ಅವಳ ಕೈ ನನ್ನ ಭುಜದ ಮೇಲೆ. ಪ್ರತಿ ತಿರುವಿಗೂ ಆ ಕೈ ಬಿಗಿಯಾಗುತ್ತಿತ್ತು, ತಿರುವು ದಾಟಿದ ಮೇಲೆ ಸಡಿಲವಾಗುತ್ತಿತ್ತು. ಗಾಡಿ ಗುಡುಗುಡು ಎಂದು ಏರನ್ನೆಲ್ಲ ನುಂಗಿಕೊಂಡು ಹೋಯಿತು. ಇವಳ ಆಯ್ಕೆ ಎಷ್ಟು ಸರಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಮಂಡಗದ್ದೆಯಲ್ಲಿ ರಸ್ತೆಯ ಪಕ್ಕ ಗಾಡಿ ನಿಲ್ಲಿಸುವ ಮೊದಲೇ ಅವಳು ಹಾರಿ ಇಳಿದು ಹೊಳೆಯ ಕಡೆಗೆ ಓಡಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಮರಗಳಿದ್ದವು. ಒಣಕಡ್ಡಿಯ ಗೂಡುಗಳಿದ್ದವು, ಕೊಂಬೆಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆಯ ಕಲೆಗಳಿದ್ದವು. ಹಕ್ಕಿ ಒಂದೂ ಇರಲಿಲ್ಲ.

ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟಿದ್ದ ಹೆಂಗಸು ನಮ್ಮನ್ನು ನೋಡಿ ಕನಿಕರದಿಂದ, "ಈಗ ಬಂದ್ರಾ? ಮರಿ ಎಲ್ಲ ಹಾರಿ ಹೋದ್ವಲ್ಲ ತಾಯಿ. ಜಡಿಮಳೆ ಇದ್ದಾಗ ಬರ್ಬೇಕಿತ್ತು. ಮಳೆಗಾಲ ಬಿಟ್ರೆ ಇಲ್ಲಿ ಎಂತದೂ ಇಲ್ಲ" ಎಂದಳು. ಗಿರಿಜೆ ಹಣೆ ಚಚ್ಚಿಕೊಂಡು ನಕ್ಕಳು. "ಗೊರಬು! ದೊಡ್ಡಮ್ಮ ಗೊರಬು ಹಾಕ್ಕೊಂಡಿರ್ತಿದ್ರು ಅಂತ ನಾನೇ ಎಷ್ಟು ಸಲ ಹೇಳಿದ್ದೆ, ನನಗೇ ಹೊಳೀಲಿಲ್ವಲ್ಲ!" ಗೊರಬು ಎಂದರೆ ಎಲೆ ಹೆಣೆದು ಮಾಡಿದ, ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಗೂಡು, ಬಿಸಿಲಿಗೆ ಅದನ್ನು ಯಾರೂ ಹೊದೆಯುವುದಿಲ್ಲ. ಅವಳ ಕತೆಯ ತುಂಬ ಮಳೆ ಸುರಿಯುತ್ತಿತ್ತು, ಹುಟ್ಟಿದಾಗಿನಿಂದ ಮಳೆಯ ಸದ್ದಿನಲ್ಲೇ ಇದ್ದ ನಮ್ಮಿಬ್ಬರ ಕಿವಿಗೂ ಅದು ಕೇಳಿಸಿರಲಿಲ್ಲ. ಯಾವ ಗಾಡಿ ಎಂದು ವರ್ಷಗಟ್ಟಲೆ ಆರಿಸಿದೆವು, ಯಾವ ತಿಂಗಳು ಎಂದು ಒಂದು ದಿನವೂ ಯೋಚಿಸಲಿಲ್ಲ. ಚಹಾ ಕುಡಿದು ತಿರುಗಿ ಹೊರಟಾಗ ಅವಳು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಬರೋ ಮಳೆಗಾಲಕ್ಕೆ ಬರೋಣ. ನೆನೆದ್ರೆ ನೆನೆಯೋಣ. ಯಾರು ಎಂತ ಹೇಳಿದ್ರೂ ಕೇಳೋದು ಬ್ಯಾಡ."

ಆ ಮಳೆಗಾಲ ಅವಳಿಗೆ ಬರಲಿಲ್ಲ.

ನಮ್ಮ ಕಡೆಯ ಕಾಡುಗಳಲ್ಲಿ ಬೇಸಿಗೆಗೆ ಮಂಗಗಳು ಸಾಯುತ್ತವೆ, ಅವುಗಳ ಮೈಯ ರಕ್ತ ಹೀರುವ ಉಣುಗು ಕಚ್ಚಿ ಮನುಷ್ಯರಿಗೂ ಜ್ವರ ಬರುತ್ತದೆ. ಮಂಗನ ಕಾಯಿಲೆ ಎನ್ನುತ್ತಾರೆ. ಮಳೆ ಕಳೆದು ನೆಲ ಒಣಗಿದ ಮೇಲೆ ಬರುವ ಕಾಯಿಲೆ ಅದು. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವುದಕ್ಕೆಂದು ಗಿರಿಜೆ ಅಕ್ಕಪಕ್ಕದ ಹೆಂಗಸರೊಂದಿಗೆ ಕಾಡಿಗೆ ಹೋಗುತ್ತಿದ್ದಳು, ಎಲ್ಲರೂ ಹೋಗುವ ಹಾಗೆ. ಜ್ವರ ಏರಿದಾಗ ಜೀಪು ಮಾಡಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದೆವು. ಡೀಸೆಲ್ ಹೊಗೆ ಒಳಗೆಲ್ಲ ತುಂಬಿದ್ದ ಜೀಪಿನಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ದಾರಿಯುದ್ದಕ್ಕೂ ಒಂದು ಸಲವೂ ಹೊಟ್ಟೆ ತೊಳಸುತ್ತದೆ ಎನ್ನಲಿಲ್ಲ. ನನ್ನ ಎದೆ ಒಡೆದದ್ದು ಆಗಲೇ. ಉಳಿದದ್ದನ್ನು ಡಾಕ್ಟರು ಆಮೇಲೆ ಹೇಳಿದರು.

ಸಮಾಧಾನ ಹೇಳುವವರು ಬಹಳ ಬಂದರು. ಎಲ್ಲಕ್ಕೂ ಕಾಲ ಬರಬೇಕು ಎಂದರು. ಆ ಮಾತು ಕೇಳಿದರೆ ಇವತ್ತಿಗೂ ನನಗೆ ಮೈಯುರಿಯುತ್ತದೆ. ನಾವು ಹೆದರಿದ್ದು ಮಳೆಗೆ. ಅವಳನ್ನು ತಿಂದದ್ದು ಬಿಸಿಲು. ಕಾದದ್ದು ತಪ್ಪೆಂದು ಹೇಳಲು ಯಾರನ್ನೂ ಹಿಡಿದು ನಿಲ್ಲಿಸುವಂತಿಲ್ಲ, ಯಾರೂ ತಪ್ಪು ಹೇಳಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಗಾಡಿ ಈಗಲೂ ಇದೆ. ದೂರದ ದಾರಿಗೆಂದು, ಇಬ್ಬರಿಗೆಂದು, ಮೂಸಿ ನೋಡಿ ಆರಿಸಿದ ಅಷ್ಟು ದೊಡ್ಡ ಗಾಡಿ, ಒಬ್ಬ ಬಡಕಲು ಮೇಷ್ಟ್ರನ್ನು ದಿನವೂ ಶಾಲೆಗೆ ಬಿಟ್ಟು ಕರೆತರುತ್ತದೆ. ತಿರುವು ಬಂದಾಗ ನನ್ನ ಭುಜ ತಾನಾಗಿ ಬಿಗಿಯಾಗುತ್ತದೆ.

ಹೋದ ಆಷಾಢದಲ್ಲಿ, ಯಾರ ಮಾತನ್ನೂ ಕೇಳದೆ, ಜಡಿಮಳೆಯಲ್ಲಿ ಒಬ್ಬನೇ ಹೊರಟೆ. ಹೊಸನಗರದಲ್ಲಿ ನಾಗರಾಜ ಗಾಡಿಯ ಬೀಗದ ಕೈ ಕಿತ್ತುಕೊಳ್ಳಲು ಬಂದ. "ಭಾವ, ಮಳೆ ಕಳೀಲಿ" ಎಂದು ಅಂಗಲಾಚಿದ. ಕೊಡಲಿಲ್ಲ. ಎರಡು ಕಡೆ ಜಾರಿದೆ, ಬೀಳಲಿಲ್ಲ. ಮಂಡಗದ್ದೆಯಲ್ಲಿ ಹೊಳೆ ಕೆಂಪಗೆ ತುಂಬಿ ಮರಗಳ ಸೊಂಟದವರೆಗೆ ಬಂದಿತ್ತು, ಮರಗಳ ಮೇಲೆ ಅವಳು ಹೇಳಿದ ಹಾಗೆಯೇ ಎಲೆ ಅನ್ನುವುದು ಕಾಣುತ್ತಿರಲಿಲ್ಲ. ಆ ಗಲಾಟೆಯೂ ಹಾಗೆಯೇ ಇತ್ತು. ನೋಡುತ್ತ ನಿಂತೆ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಇಲ್ಲವೇ ಅಳುವಾದರೂ ಬರುತ್ತದೆ ಎಂದುಕೊಂಡಿದ್ದೆ. ಎರಡೂ ಬರಲಿಲ್ಲ. ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು, ಚಳಿಯಾಗುತ್ತಿತ್ತು, ಅಷ್ಟೇ.

ಚಹಾದಂಗಡಿಯ ಹೆಂಗಸಿಗೆ ಗಾಡಿಯ ಗುರುತು ಹತ್ತಿತು. "ಈ ಸಲ ಸರಿಯಾಗಿ ಬಂದ್ರಿ ನೋಡಿ" ಎಂದು ಮುಖ ಅರಳಿಸಿದಳು. ನನ್ನ ಹಿಂದೆ ಇಣುಕಿ, "ಅಮ್ಮೋರು ಎಲ್ಲಿ? ಬರ್ಲಿಲ್ವಾ?" ಎಂದು ಕೇಳಿದಳು.

"ಮಳೆ ಕಳೀಲಿ ಅಂದ್ಲು" ಎಂದೆ.

"ಅಯ್ಯೋ, ಮತ್ತೆ ಅದೇ ತಪ್ಪು ಮಾಡಿದ್ರಲ್ಲ" ಎನ್ನುತ್ತ ಅವಳು ಚಹಾ ಸೋಸಿದಳು.

ಮನೆಗೆ ಬಂದ ಮೇಲೆ ಭಾನುವಾರ ಗಾಡಿ ತೊಳೆಯಲು ಕೂತೆ. ಹೊಸನಗರದ ಕೆಸರು, ತೀರ್ಥಹಳ್ಳಿಯ ಕೆಸರು, ಮಂಡಗದ್ದೆಯ ಕೆಸರು ಎಲ್ಲವೂ ಆ ಜಾಲರಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳ ಸೀರೆಯ ಅಂಚಿಗೆ ಹತ್ತಬೇಕಾಗಿದ್ದ ಕೆಸರು. ಹತ್ತಿದ್ದರೆ ಹಿತ್ತಿಲ ಕಲ್ಲಿನ ಮೇಲೆ ಉಜ್ಜುತ್ತ, ನಿಮ್ಮ ಹಟಕ್ಕೆ ನನ್ನ ಸೀರೆ ಹಾಳಾಯ್ತು ಎಂದು ಬೈಯುತ್ತಿದ್ದಳು. ಕೊಡದ ನೀರು ಹಾಗೇ ಇತ್ತು. ನಾನು ಕಡ್ಡಿ ಹಿಡಿದು ಬಹಳ ಹೊತ್ತು ಕೂತಿದ್ದೆ, ಕೆರೆಯಲಿಲ್ಲ.