ನಾನು ಬೈದದ್ದು ಕನ್ನಡದಲ್ಲಿ

ಅನ್ಯಭಾಷೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕ್ರೈಸ್ತರ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಆವೇಶ ಬಂದವರು ತಾವು ಎಂದೂ ಕಲಿಯದ ಭಾಷೆಯಲ್ಲಿ ಮಾತಾಡತೊಡಗುತ್ತಾರೆ. ಅದು ಪವಿತ್ರಾತ್ಮನ ವರ ಎನ್ನುತ್ತಾರೆ. ನನ್ನ ನಾದಿನಿಗೆ ಆ ವರ ಬಂದಿದೆಯಂತೆ. ಅವಳು ಕಣ್ಣು ಮುಚ್ಚಿ ಶುರು ಮಾಡಿದರೆ ನಾನು ಎದ್ದು ಹೋಗಿ ಕುಕ್ಕರ್ ತೊಳೆಯುತ್ತೇನೆ. ದೇವರಿಗೆ ಕನ್ನಡ ಬರುತ್ತದೆ, ನನಗೆ ಅಷ್ಟು ಸಾಕು. ಇನ್ನು ಸತ್ತವರು ಬಂದು ಮಾತಾಡುತ್ತಾರೆ ಎಂಬುದನ್ನಂತೂ ನಂಬಿದವಳೇ ಅಲ್ಲ. ನಂಬಬಾರದು ಎಂದೇ ನಮಗೆ ಕಲಿಸಿದ್ದಾರೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ಓದಿ ನೀವು ನನ್ನನ್ನು ಆ ಸಾಲಿಗೆ ಸೇರಿಸಬಾರದು.

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಒಂದು ವಿಶ್ವವಿದ್ಯಾಲಯವಿದೆ. ಅದರ ಪಕ್ಕದ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಪಿ.ಜಿ. ಅಲ್ಲಿದ್ದ ನಮ್ಮವರೇ ಕೆಲವು ಹುಡುಗಿಯರು ಕರೆದರೆಂದು ನಮ್ಮ ಸಭೆಯಿಂದ ತಿಂಗಳಿಗೊಮ್ಮೆ ಹೋಗಿ ಹಾಡಿ, ದೇವರ ವಾಕ್ಯ ಹೇಳಿ ಬರುತ್ತಿದ್ದರು. ಆ ಸಲ ನಾನೂ ಬರುತ್ತೇನೆ ಎಂದೆ. ಯೌವನಸ್ಥರ ಕೂಟ ನಡೆಸುವ ಬ್ರದರ್ ಜಾನ್ಸನ್ ಬಹಳ ಸಂತೋಷಪಟ್ಟು, "ಹಾಗಾದ್ರೆ ಪಲಾವ್ ನಿಮ್ದೇ ಸಿಸ್ಟರ್" ಎಂದರು.

ಮಾಡಿದೆ. ಒಂದು ಡಬರಿ ತುಂಬ ಪಲಾವ್, ಜೊತೆಗೆ ಮೊಸರುಬಜ್ಜಿ. ಆರಾಧನೆ ಮುಗಿದು ಹೊರಡುವ ಹೊತ್ತಿಗೆ ನೋಡಿದರೆ ಅವರ ಕಾರಿನಲ್ಲಿ ಪ್ರೊಜೆಕ್ಟರ್, ಸ್ಪೀಕರ್ ಪೆಟ್ಟಿಗೆ, ಗಿಟಾರು, ಹಾಡುವ ಇಬ್ಬರು ಹುಡುಗರು ಕೂತಾಗಿತ್ತು. "ಸ್ಪೀಕರ್ ಮೇಲೆ ಎಣ್ಣೆ ಚೆಲ್ಲಿದ್ರೆ ಕಷ್ಟ ಸಿಸ್ಟರ್. ನೀವು ಬಸ್ಸಲ್ಲಿ ಬಂದ್ಬಿಡಿ. ಹೇಗೂ ಲೇಡೀಸ್‌ಗೆ ಫ್ರೀ ಅಲ್ವಾ?" ಎಂದು ಕಿಟಕಿ ಏರಿಸಿಕೊಂಡರು. ಕ್ರಿಸ್ತನ ವಿಷಯ ಹೇಳಲು ಹೋಗುವವರಲ್ಲಿ ನಾನೂ ಒಬ್ಬಳು ಎಂದುಕೊಂಡಿದ್ದೆ. ನಾನೂ ಒಂದು ಸಾಮಾನು, ಅದೂ ಸ್ಪೀಕರ್‌ಗಿಂತ ಅಗ್ಗದ್ದು ಎಂದು ಆರ್.ಟಿ. ನಗರದ ಬಸ್ ಸ್ಟಾಪಿನಲ್ಲಿ ಗೊತ್ತಾಯಿತು.

ಕಂಡಕ್ಟರ್ ಡಬರಿಯನ್ನು ನೋಡಿ, "ನಿಮಗೆ ಫ್ರೀ ಅಮ್ಮ. ಇದಕ್ಕೆ ಆಧಾರ್ ಕಾರ್ಡ್ ಇದ್ಯಾ?" ಎಂದ. ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ. ಆದರೂ ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸುವಾಗ ಅವನೇ ಡಬರಿ ಇಳಿಸಿಕೊಟ್ಟ, ಅದಕ್ಕೆ ದೇವರಿಗೆ ಸ್ತೋತ್ರ. ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು, ಮುಚ್ಚಳಕ್ಕೆ ಬಿಗಿದ ಬಟ್ಟೆ ಬಿಚ್ಚಲಿಲ್ಲ. ಅದಕ್ಕೂ ಸ್ತೋತ್ರ ಹೇಳಿಕೊಂಡೇ ಹೋದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಪಿ.ಜಿ. ತಲುಪಿದಾಗ ಕೆಳಗಿನ ಹಾಲಿನಲ್ಲಿ ಹಾಡು ಶುರುವಾಗಿತ್ತು. ತಟ್ಟೆ ಜೋಡಿಸುತ್ತಿದ್ದ ನನ್ನ ಹತ್ತಿರ ಪ್ರಿಯಾ ಎಂಬ ಹುಡುಗಿ ಬಂದಳು. ತುಮಕೂರಿನ ಕಡೆಯವಳು, ನಮ್ಮನ್ನು ಕರೆಸಿದವಳು ಅವಳೇ. ಮುಖ ಬಾಡಿತ್ತು. "ಆಂಟಿ, ನನ್ನ ಪಕ್ಕದ ರೂಮಿನ ಸೆನ್ಲಾ ನಿನ್ನೆ ಬೆಳಿಗ್ಗೆಯಿಂದ ಬಾಗಿಲು ತೆಗೆದಿಲ್ಲ. ಮನೆಯಿಂದ ಏನೋ ಫೋನ್ ಬಂತು, ಕಿರುಚಾಡಿದ್ಲು, ಚಿಲಕ ಹಾಕ್ಕೊಂಡ್ಲು. ನಿನ್ನೆ 'ಹೋಗು' ಅಂತಾದ್ರೂ ಅಂತಿದ್ಲು. ಇವತ್ತು ಅದೂ ಇಲ್ಲ" ಎಂದಳು.

"ಬ್ರದರ್‌ಗೆ ಹೇಳಿದ್ಯಾ?"

"ಬೆಳಿಗ್ಗೇನೇ ಫೋನ್ ಮಾಡಿ ಹೇಳ್ದೆ ಆಂಟಿ. ಕೂಟದಲ್ಲಿ ಅವಳಿಗೋಸ್ಕರ ವಿಶೇಷ ಪ್ರಾರ್ಥನೆ ಮಾಡೋಣ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಮಗು ಅನ್ನ ನೀರಿಲ್ಲದೆ ಮಹಡಿಯ ಮೇಲೆ ಬಿದ್ದಿದೆ, ಕೆಳಗೆ ಇವರು ಗಿಟಾರಿಗೆ ಶ್ರುತಿ ಹಿಡಿಯುತ್ತಿದ್ದಾರೆ! ಮೇಲೆ ಗಂಡಸರು ಹತ್ತುವಂತಿಲ್ಲ, ಸರಿ. ಯಾರನ್ನಾದರೂ ಹತ್ತಿಸಬಾರದಿತ್ತೇ? ಆ ಊರಿನವರೇ ಆದ ಓನರಮ್ಮ ಬಾಗಿಲ ಹತ್ತಿರ ನಿಂತಿದ್ದರು. ಬಾಗಿಲು ಒಡೆಸಿ ಎಂದೆ. "ಒಡೆಸಾಕ್ ಆಯ್ತದಾ? ಒಸಾ ಬಾಗ್ಲು ಕಣಮ್ಮ, ಈಗಿನ್ನೂ ಪಾಲಿಶ್ ಒಡ್ಸಿವ್ನಿ. ಈ ಉಡ್ಗೀರು ಇಂಗೇ, ಅಸಿವಾದ್ರೆ ತಾವೇ ಬತ್ತರೆ" ಎಂದರು. ಬಾಗಿಲಿಗೆ ಇರುವ ಅಕ್ಕರೆ ಒಳಗಿರುವ ಜೀವಕ್ಕಿಲ್ಲ. ಒಂದು ತಟ್ಟೆಗೆ ಪಲಾವ್ ಬಡಿಸಿಕೊಂಡು ಪ್ರಿಯಾಳ ಹಿಂದೆ ಮಹಡಿ ಹತ್ತಿದೆ.

ಸೆನ್ಲಾ ನಾಗಾಲ್ಯಾಂಡಿನವಳು. ಬೆಂಗಳೂರಿಗೆ ಬಂದು ಮೂರು ತಿಂಗಳಾಗಿತ್ತು. ಅವಳಿಗೆ ಕನ್ನಡ ಬಾರದು, ನನ್ನ ಇಂಗ್ಲಿಷ್ ಬಸ್ಸಿನ ಬೋರ್ಡ್ ಓದುವಷ್ಟು. ಮೊದಲು ಪ್ರಿಯಾ ಇಂಗ್ಲಿಷಿನಲ್ಲಿ ಕರೆದಳು. ನಾನು "ಮಗಳೇ, ಅಮ್ಮಾ" ಎಂದು ಮೆಲ್ಲಗೆ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಮಂಡಿ ನೋವಿಗೆ ನಿಲ್ಲಲಾರದೆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ಕೆಳಗಿನಿಂದ ಸ್ಪೀಕರ್ ಸದ್ದು ಗೋಡೆಯನ್ನು ನಡುಗಿಸುತ್ತಿತ್ತು. ಆಗ ನನ್ನ ತಾಳ್ಮೆ ತಪ್ಪಿತು. ನನ್ನ ಸ್ವಂತ ಮಗಳನ್ನು ಬೈಯುವಂತೆಯೇ ಬೈದೆ.

"ಏಯ್ ಹುಡುಗಿ! ಬೆಳಿಗ್ಗೆ ಎದ್ದು ಈರುಳ್ಳಿ ಹೆಚ್ಚಿ ಕಣ್ಣೆಲ್ಲ ಉರಿಸಿಕೊಂಡಿದೀನಿ. ಎರಡು ಬಸ್ಸು ಹತ್ತಿ ಡಬರಿ ಹೊತ್ಕೊಂಡು ಬಂದಿದೀನಿ. ನೀನು ಒಳಗೆ ಬಿದ್ಕೊಂಡು ಯಾರಿಗೆ ಶಿಕ್ಷೆ ಕೊಡ್ತಾ ಇದೀಯಾ? ಯಾರೋ ಏನೋ ಅಂದ್ರೆ ನಿನ್ನ ಹೊಟ್ಟೆ ಏನೇ ತಪ್ಪು ಮಾಡ್ತು? ಅನ್ನ ಆರ್ತಾ ಇದೆ. ಎದ್ದೇಳು, ಬಾಗಿಲು ತೆಗಿ!"

ಇಷ್ಟೇ. ಇದನ್ನೇ ಎರಡು ಮೂರು ಸಲ ತಿರುಗಾಮುರುಗಾ ಹೇಳಿದ್ದಿರಬೇಕು. ಪ್ರಾರ್ಥನೆ ಮಾಡಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಪ್ರಿಯಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಚಿಲಕ ಸರಿದ ಸದ್ದಾಯಿತು. ಒರಗಿದ್ದ ನಾನು ಬೀಳುವುದರಲ್ಲಿದ್ದೆ. ಕೂದಲು ಕೆದರಿದ, ಒಣಗಿದ ತುಟಿಯ ಚಿಕ್ಕ ಹುಡುಗಿ. ಅವಳು ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ಕಣ್ಣು ಹಾಯಿಸಿ ಕಾರಿಡಾರಿನ ಈ ತುದಿ, ಆ ತುದಿ ಹುಡುಕಿದಳು. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಕೈ ಹಿಡಿದು ಕೂರಿಸಿ ಮೊದಲು ನೀರು ಕುಡಿಸಿದೆ. ಒಂದು ತುತ್ತು ಬಾಯಿಗಿಟ್ಟೆ, ತಿಂದಳು. ಆಮೇಲೆ ತಾನೇ ತಟ್ಟೆ ತೆಗೆದುಕೊಂಡಳು. ಜೀವ ಉಳಿಯಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ತಿಂದಾದ ಮೇಲೆ ಅವಳು ಪ್ರಿಯಾಳಿಗೆ ಏನೋ ಕೇಳಿದಳು. ಪ್ರಿಯಾ "ನೋ, ನೋ" ಎಂದಳು. ಅವಳು ಮತ್ತೆ ಕೇಳಿದಳು. ಪ್ರಿಯಾ ನನ್ನ ಕಡೆ ತಿರುಗಿ, "ಆಂಟಿಗೆ ನಮ್ಮೂರಿನ ಭಾಷೆ ಯಾರು ಕಲಿಸಿದ್ದು ಅಂತ ಕೇಳ್ತಿದಾಳೆ" ಎಂದಳು. ನಾನು ನಕ್ಕುಬಿಟ್ಟೆ. ಹುಡುಗಿ ನಗಲಿಲ್ಲ. ಅವಳು ಬಿಡಿಸಿ ಬಿಡಿಸಿ ಹೇಳಿದ್ದನ್ನು ಪ್ರಿಯಾ ಕನ್ನಡದಲ್ಲಿ ಹೇಳುತ್ತಾ ಹೋದಳು.

ಸೆನ್ಲಾಳನ್ನು ಸಾಕಿ ಬೆಳೆಸಿದ್ದು ಅವಳ ದೊಡ್ಡಮ್ಮ, ತಾಯಿಯ ಅಕ್ಕ. ಆಕೆ ತೀರಿಕೊಂಡು, ಹೂಳಿ, ವಾರ ಕಳೆದ ಮೇಲೆ ಯಾರೋ ಸಂಬಂಧಿಕರ ಹುಡುಗ ಬಾಯಿ ತಪ್ಪಿ ಇವಳಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ. ಇವಳು ತಾಯಿಗೆ ಫೋನ್ ಮಾಡಿ, ನನಗೇಕೆ ಹೇಳಲಿಲ್ಲ ಎಂದು ಕಿರುಚಿ, ಉತ್ತರ ಕೇಳದೆ ಫೋನ್ ಆಫ್ ಮಾಡಿ ಮಲಗಿದ್ದಳು. ಏಳುವ ಮನಸ್ಸೇ ಇರಲಿಲ್ಲವಂತೆ. ಆಗ ಬಾಗಿಲಾಚೆಯಿಂದ ಒಂದು ಹೆಂಗಸಿನ ದನಿ ಅವರ ಊರಿನ ಮಾತಿನಲ್ಲಿ ಬೈಯತೊಡಗಿತು. ದನಿ ದೊಡ್ಡಮ್ಮನದಲ್ಲ, ನನ್ನದೇ. ಮಾತು ಮಾತ್ರ ಅವರ ಕೆಲವೇ ಹಳ್ಳಿಗಳಲ್ಲಿ ಆಡುವಂಥದ್ದು. ಅದು ಹೇಳಿದ್ದು ಇಷ್ಟು: "ನಿನಗೆ ಹೇಳಬೇಡ ಅಂದಿದ್ದು ನಾನೇ. ನಿನ್ನಮ್ಮನನ್ನ ಬೈಬೇಡ. ಎದ್ದು ಊಟ ಮಾಡು."

"ನಾನು ಹಾಗೆ ಹೇಳಲೇ ಇಲ್ವಲ್ಲ!" ಎಂದೆ. ಪ್ರಿಯಾ ಕೂಡ, "ಆಂಟಿ ಈರುಳ್ಳಿ ವಿಷಯ ಹೇಳಿದ್ರು, ಅಷ್ಟೇ" ಎಂದು ಸಾಕ್ಷಿ ನುಡಿದಳು. ಸೆನ್ಲಾ ಫೋನ್ ಆನ್ ಮಾಡಿ ತಾಯಿಗೆ ಕರೆ ಮಾಡಿದಳು. ಒಂದೇ ಪ್ರಶ್ನೆ ಕೇಳಿದಳು. ಆ ಕಡೆಯಿಂದ ಒಂದು ಹೆಂಗಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಅಳು ಅರ್ಥವಾಗಲು ನನಗೆ ಭಾಷೆ ಬೇಕಾಗಲಿಲ್ಲ. ಉಳಿದದ್ದನ್ನು ಸೆನ್ಲಾಳಿಂದ ಕೇಳಿ ಪ್ರಿಯಾ ಹೇಳಿದಳು. ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ಹೇಳಬೇಡ ಎಂದು ದೊಡ್ಡಮ್ಮ ಸಾಯುವ ಮೊದಲು ತನ್ನ ತಂಗಿಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳಂತೆ. ಆಗ ಕೋಣೆಯಲ್ಲಿ ಅವರಿಬ್ಬರೇ ಇದ್ದರಂತೆ. "ನಿನಗೆ ಯಾರು ಹೇಳಿದರು?" ಎಂದು ತಾಯಿ ಕೇಳುತ್ತಲೇ ಇದ್ದಳು.

ಇಳಿದು ಬಂದು ಹೀಗಾಯಿತು ಎಂದು ಹೇಳಿದ್ದೇ ನನ್ನ ಬುದ್ಧಿಗೇಡಿತನ. ಬ್ರದರ್ ಜಾನ್ಸನ್ ಕಣ್ಣು ಅರಳಿಸಿ ಮೊಬೈಲ್ ಎತ್ತಿದರು. "ಸಿಸ್ಟರ್, ಇದು ಅನ್ಯಭಾಷೆಯ ವರ! ಆ ಹುಡುಗೀನ ಕರೀರಿ, ಇಬ್ರೂ ಒಟ್ಟಿಗೆ ಸಾಕ್ಷಿ ಹೇಳಿ, ಒಂದೆರಡು ನಿಮಿಷದ ವಿಡಿಯೋ ಅಷ್ಟೇ."

"ಬೆಳಿಗ್ಗೆ ಅವಳು ಬದುಕಿದಾಳಾ ಅಂತ ನೋಡೋಕೆ ನಿಮಗೆ ಎರಡು ನಿಮಿಷ ಇರ್ಲಿಲ್ಲ," ಎಂದೆ. "ಈಗ ವಿಡಿಯೋಗೆ ಬಂತಾ?"

ಅವರು ಮೊಬೈಲ್ ಇಳಿಸಿದರು. ಆದರೆ ಮುಂದಿನ ಭಾನುವಾರ ಸಭೆಯಲ್ಲಿ ನನ್ನ ಹೆಸರು ಕೂಗಿಯೇಬಿಟ್ಟರು. ನಾನು ಮೈಕಿನ ಮುಂದೆ ನಿಂತು, "ನಾನು ಕನ್ನಡದಲ್ಲಿ ಬೈದೆ. ಅನ್ನ ಆರುತ್ತೆ ಅಂದೆ. ನನಗೆ ಯಾವ ವರವೂ ಬಂದಿಲ್ಲ" ಎಂದು ಹೇಳಿ ಇಳಿದೆ. ಅದಕ್ಕೂ ಎಲ್ಲರೂ ಹಲ್ಲೆಲೂಯಾ ಎಂದು ಚಪ್ಪಾಳೆ ತಟ್ಟಿದರು. ಎಷ್ಟು ದೀನತೆ ನೋಡಿ ಎಂದರಂತೆ. ಇಂಥವರಿಗೆ ಏನು ಹೇಳುವುದು? ಆ ಹುಡುಗಿಯ ಊರಿಗೆ ಕ್ರಿಸ್ತನ ಸುವಾರ್ತೆ ಅವಳ ಅಜ್ಜಂದಿರ ಕಾಲದಲ್ಲೇ ಮುಟ್ಟಿತ್ತು. ಅವಳಿಗೆ ಬೇಕಾಗಿದ್ದದ್ದು ಯಾರಾದರೂ ಒಬ್ಬರು ಮಹಡಿ ಹತ್ತುವುದು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಯಜಮಾನರು ಮಾತ್ರ, "ನಿನ್ನ ಬೈಗುಳ ಯಾವ ಭಾಷೆಯವರಿಗಾದ್ರೂ ಅರ್ಥ ಆಗುತ್ತೆ ಕಣೇ" ಎಂದು ನಕ್ಕರು. ಬೈಗುಳ ಅರ್ಥವಾಗಬಹುದು, ಒಪ್ಪಿದೆ. ನನಗೇ ಗೊತ್ತಿಲ್ಲದ ಸಂಗತಿ ಅದರೊಳಗೆ ಹೇಗೆ ಬಂತು ಎಂದು ಕೇಳಿದರೆ ಅವರೂ ಪೇಪರ್ ಬಿಡಿಸಿಕೊಂಡರು.

ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಮೊದಲು ಸೆನ್ಲಾ ನನ್ನನ್ನು ಕರೆಸಿಕೊಂಡಳು. ಅಷ್ಟರಲ್ಲಿ ನಾಲ್ಕು ಕನ್ನಡ ಮಾತು ಕಲಿತಿದ್ದಳು. "ಆಂಟಿ, ಒಂದು ಸಲ. ಪ್ಲೀಸ್" ಎಂದು ಹೇಳಿ ನನ್ನನ್ನು ಹೊರಗೆ ನಿಲ್ಲಿಸಿ, ತಾನು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳಿಗೆ ಏನು ಬೇಕೆಂದು ನನಗೆ ಗೊತ್ತಾಯಿತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆದರೂ ಬಾಗಿಲಿಗೆ ಒರಗಿ ಕೂತೆ. ಈರುಳ್ಳಿ, ಬಸ್ಸು, ಡಬರಿ, ಆರುವ ಅನ್ನ, ನೆನಪಿದ್ದದ್ದನ್ನೆಲ್ಲ ಅದೇ ಜೋರಿನಲ್ಲಿ ಹೇಳಿದೆ. ಮುಗಿಯಿತು. ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಮೂರನೆಯ ಸಲವೂ ಹೇಳಿದೆ.

ಬಾಗಿಲು ತೆರೆಯಿತು. ಅವಳು ನನ್ನ ಪಕ್ಕ ನೆಲದ ಮೇಲೆ ಕೂತು, ತಲೆಯನ್ನು ನನ್ನ ಭುಜಕ್ಕೆ ಇಟ್ಟಳು. "ಕನ್ನಡ, ಆಂಟಿ. ಬರೀ ಕನ್ನಡ" ಎಂದಳು.

ಅಂದು ಏನು ನಡೆಯಿತೋ ನನಗೆ ಇವತ್ತಿಗೂ ತಿಳಿಯದು. ತಿಳಿದವರಂತೆ ಹೇಳುವವರ ಮೇಲೆ ಸಿಟ್ಟು ಬರುತ್ತದೆ. ದೇವರನ್ನೂ ಬಿಟ್ಟಿಲ್ಲ. ಒಲೆ ಮುಂದೆ ನಿಂತು ಎಷ್ಟೋ ಸಲ ಕೇಳಿದ್ದೇನೆ: ಒಂದು ಸಲ ಕೊಟ್ಟವನಿಗೆ, ಅಷ್ಟು ಆಸೆಯಿಂದ ಕಾದು ಕೂತ ಆ ಮಗುವಿಗೆ ಎರಡನೇ ಸಲ ಕೊಡಲು ಏನು ಕಷ್ಟವಾಗಿತ್ತು?