ಆರಬೇಕಾದ ದೀಪ

"ಮುತ್ಯಾ, ರೈತ ಮಂದಿಗಿ ಏನೇನು ಗೊತ್ತಿರ್ತದ?"

ಮೊಮ್ಮಗಳು ಇದನ್ನು ಕೇಳಿದಾಗ ನಾನು ಬೆಳಗಿನ ಕಸರತ್ತಿನಲ್ಲಿದ್ದೆ. ಇಪ್ಪತ್ತರ ಎಣಿಕೆ ಮುಗಿಸಿ ಉತ್ತರ ಕೊಟ್ಟೆ. "ಯಾವ ಊರಿನ ರೈತರಿಗಿ?"

"ಎಲ್ಲೂ ಇಲ್ಲದ ಊರಿನವರಿಗಿ."

ಅವಳು ಬೀದರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾಳೆ, ಮೈಲೂರಿನ ಮನೆಯಲ್ಲಿ ಕೂತು ಒಂದು ಕಾದಂಬರಿ ಬರೆಯುತ್ತಿದ್ದಾಳೆ. ಅದರಲ್ಲಿ ಒಂದು ರಾಜ್ಯ, ಆಕಾಶದಲ್ಲಿ ಎರಡು ಚಂದ್ರ, ಬೆಂಕಿ ಉಗುಳುವ ಡ್ರ್ಯಾಗನ್, ಅಂಗೈಯಲ್ಲಿ ಎಂದೂ ಆರದ ಜ್ಯೋತಿ ಹೊತ್ತ ಮಾಂತ್ರಿಕ. ನೌಬಾದದ ಗೆಳತಿಯ ಮನೆಯಲ್ಲಿ ಭಾನುವಾರ ಏಳೆಂಟು ಜನ ಸೇರಿ ತಾವು ಬರೆದದ್ದನ್ನು ಓದಿಕೊಳ್ಳುತ್ತಾರೆ. ಇವಳ ಮೊದಲ ಅಧ್ಯಾಯ ಕೇಳಿ ಒಬ್ಬಳು ಹೇಳಿದ್ದಳಂತೆ: "ನಿನ್ನ ಹಳ್ಳಿ ಮಂದಿ ನಾಟಕದ ಪರದೆ ಮ್ಯಾಲ ಬರೆದ ಗಿಡ ಇದ್ದಂಗ ಅದಾರ. ಡ್ರ್ಯಾಗನ್ ಬಂದ್ರ ಓಡ್ತಾರ, ಹೋದ್ರ ಅಳ್ತಾರ. ಉಳಿದ ಹೊತ್ತು ಏನು ಮಾಡ್ತಾರ?"

ಅದಕ್ಕೇ ಇವಳು ನನ್ನ ಹತ್ತಿರ ಬಂದಿದ್ದಳು. ಈ ಭಾನುವಾರವೂ ಅದೇ ಮಾತು ಬಂದರೆ ಬರೆಯುವುದನ್ನೇ ಬಿಡುತ್ತೇನೆ ಎಂದಳು. ಎರಡು ವರ್ಷದ ಕೆಲಸ. ಹಟಮಾರಿ, ಹೇಳಿದಂತೆ ಮಾಡುವವಳು.

ನಾನು ಭಾಲ್ಕಿಯಲ್ಲಿ ಬಹಳ ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಕೂಡಲೇ ವೇಳಾಪಟ್ಟಿ ಹಾಕಿದೆ. ದಿನಾ ಸಂಜೆ ಆರರಿಂದ ಆರೂವರೆ, ನೋಟ್‌ಬುಕ್ ಸಮೇತ ಹಾಜರು. ಔರಾದ ಕಡೆಯ ಹಳ್ಳಿಯಲ್ಲಿ ಕುರಿ, ಹೊಲ ಎರಡೂ ಇದ್ದ ಮನೆಯಲ್ಲಿ ಹುಟ್ಟಿದವನಿಗೆ ಹೇಳಲು ಬೇಕಾದಷ್ಟಿತ್ತು. ಬಣವೆಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಬಾರದು, ಒಂದಕ್ಕೆ ಬೆಂಕಿ ಬಿದ್ದರೂ ಉಳಿದವು ಉಳಿಯಬೇಕು. ಕುರಿ ಹಿಂಡಿನ ಮುಂದೆ ಆಡು ಇರಬೇಕು, ಕುರಿ ತಾನಾಗಿ ದಾರಿ ಹಿಡಿಯುವುದಿಲ್ಲ. ಕೊನೆಗೆ ಹಗೇವಿನ ಬಗ್ಗೆ ಹೇಳಿದೆ. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆಗಾಲದವರೆಗೂ ಚಿಂತೆ ಇಲ್ಲ.

ಅವಳು ಕುಣಿದಾಡಿದಳು. "ಡ್ರ್ಯಾಗನ್ ಬಂದು ರಾಜನ ಕಣಜ ಸುಡ್ತದ, ಹಳ್ಳಿ ಜ್ವಾಳ ಹಂಗೇ ಉಳೀತದ!" ಎರಡು ದಿನದಲ್ಲಿ ಅಧ್ಯಾಯ ಹೊಸದಾಗಿ ಬರೆದಳು. ಅದರಲ್ಲಿ ಡ್ರ್ಯಾಗನ್ ಮೇಲೆ ಬಂದಾಗ ಮಾಂತ್ರಿಕ ಹಗೇವಿನ ಕಲ್ಲು ಸರಿಸಿ ಒಳಗೆ ಜಿಗಿದು ಪಾರಾಗುತ್ತಾನೆ. ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ "ಉತ್ತಮ" ಎಂದು ಬರೆದೆ. ಶುಕ್ರವಾರ ಇಬ್ಬರೂ ಬಸ್ಸು ಹತ್ತಿ ಹಳ್ಳಿಯಲ್ಲೇ ಇರುವ ನನ್ನ ಅಕ್ಕನಿಗೆ ಓದಿ ತೋರಿಸಲು ಹೋದೆವು.

ಅಕ್ಕನಿಗೆ ಎಂಬತ್ತು ದಾಟಿದೆ. ಶಾಲೆಯ ಮುಖ ನೋಡಿದವಳಲ್ಲ. ಇಂದಿಗೂ ಬೀಜದ ತೆನೆಯನ್ನು ಬೇರೆ ಯಾರಿಗೂ ಆರಿಸಲು ಬಿಡುವುದಿಲ್ಲ. ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಕೇಳತೊಡಗಿದಳು. ಎರಡು ಚಂದ್ರ ಎಂದ ತಕ್ಷಣ ಕೈ ನಿಂತಿತು.

"ಅಂದ್ರ ತಿಂಗಳಿಗಿ ಎರಡು ಅಮಾಸಿ?"

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಅಮಾಸಿ ದಿನ ಎತ್ತು ಹೂಡಂಗಿಲ್ಲ. ಎರಡು ಅಮಾಸಿ ಅಂದ್ರ ಎತ್ತಿಗಿ ಎರಡು ಸೂಟಿ. ಪುಣ್ಯದ ಊರು ಬಿಡವ್ವ ನಿಂದು. ಮುಂದ ಓದು."

ಮುಂದೆ ಓದಿದಳು. ಮಾಂತ್ರಿಕ ಹಗೇವಿಗೆ ಜಿಗಿದ.

"ಸತ್ತ," ಎಂದಳು ಅಕ್ಕ.

"ಇಲ್ರಿ ಆಯಿ, ಪಾರಾದ."

"ಸತ್ತ ಅಂತ ಹೇಳ್ತೇನಿ. ಆರು ತಿಂಗಳು ಮುಚ್ಚಿದ ಹಗೇವು ಅದು. ಒಳಗಿನ ಉಸಿರು ಕೆಟ್ಟಿರ್ತದ. ಇಳಿದಾವ ಕೂಗಲಿಕ್ಕೂ ಆಗಂಗಿಲ್ಲ. ಮುಂಜಾನಿ ಬಾಯಿ ತೆಗೀಬೇಕು, ಕಂಬಳಿ ಬೀಸಿ ಗಾಳಿ ಆಡಿಸಬೇಕು, ಆಮ್ಯಾಲ ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿತು, ಮನುಷ್ಯಾ ಇಳೀಬಾರದು. ಉರೀತು, ಇಳೀಬೇಕು."

"ಅವನ ಕೈಯಾಗ ದೀಪ ಅದ್ರಿ ಆಯಿ. ಎಂದೂ ಆರಲಾರದ್ದು."

"ಅಂಥಾದು ತಗೊಂಡು ಏನು ಮಾಡ್ತೀ? ಆರೂದೇ ಅದರ ಕೆಲಸ." ಅಕ್ಕ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಇದು ಯಾರು ಹೇಳಿಕೊಟ್ಟಾರ ಈ ಹುಡುಗಿಗಿ?"

ಮೊಮ್ಮಗಳು ಕೆಂಪು ಶಾಯಿಯ ಪುಟ ಮಗುಚಿ ಹಾಕಿದಳು. ಅವಳ ಸೌಜನ್ಯ ದೊಡ್ಡದು. ನಾನೇ ಒಪ್ಪಿಕೊಂಡೆ.

"ಹತ್ತು ವರ್ಷಕ್ಕ ಹಾಸ್ಟೆಲಿಗಿ ಹೋದಾವ," ಎಂದಳು ಅಕ್ಕ. "ಹಗೇವು ತೆಗೆಯೂದು ಮಳಿಗಾಲದಾಗ. ನೀ ಆಗ ಭಾಲ್ಕ್ಯಾಗ ಗಂಟಿ ಹೊಡದಂಗ ಉಣ್ತಿದ್ದಿ. ನೀ ಉಂಡ ಜ್ವಾಳದ ಹಗೇವಿಗಿ ಕಂದೀಲು ಬಿಟ್ಟಾಕಿ ನಾ."

ನಾನು ಜೀವಮಾನವಿಡೀ ಸಾಲು ನಿಲ್ಲಿಸಿದವನು, ಸೀಟಿ ಊದಿದವನು, ತಪ್ಪು ಹೆಜ್ಜೆ ಹಿಡಿದವನು. ಆದರೆ ಹಗೇವಿನ ಬಾಯಲ್ಲಿ ಒಬ್ಬರ ಜೀವ ಹಗ್ಗದ ತುದಿಯಲ್ಲಿಟ್ಟುಕೊಂಡು ಕಾಯುವ ಶಿಸ್ತು ಅಕ್ಕನದು. ಅದನ್ನು ಅವಳಿಗೆ ಯಾವ ಗಂಟೆಯೂ ಕಲಿಸಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ನಾಚಿಕೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಅವಳ ತಮ್ಮ ಎಂದು ಇಡೀ ಬಸ್ಸಿಗೆ ಹೇಳಬೇಕೆನಿಸುತ್ತಿತ್ತು.

ಭಾನುವಾರ ನೌಬಾದಕ್ಕೆ ನಾನೂ ಹೋದೆ. ಗೋಡೆಗೆ ಆತು ಕೂತೆ. ಮೊಮ್ಮಗಳು ನಿಂತು ಓದಿದಳು. ಡ್ರ್ಯಾಗನ್ ಬಂತು. ಮಾಂತ್ರಿಕ ಹಗೇವಿನ ಕಡೆ ಓಡಿದ. ಕಲ್ಲಿನ ಹತ್ತಿರ ಒಬ್ಬ ಮುದುಕಿ ಕೈ ಅಡ್ಡ ಹಿಡಿದಳು. ಕಲ್ಲು ಸರಿಸಿ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು. ದೀಪ ಆರಿತು. ಅವನು ತನ್ನ ಅಂಗೈ ತೋರಿಸಿ, ನನ್ನದು ಆರುವುದಿಲ್ಲ ಎಂದ. "ಅದಕ್ಕೇ ನಿಂದು ನಂಬಂಗಿಲ್ಲ," ಎಂದಳು ಮುದುಕಿ. ಅವನನ್ನು ಎಳೆದುಕೊಂಡು ಹೋಗಿ, ಮೇಲಿನಿಂದ ಕುರಿಯಂತೆ ಕಾಣಲೆಂದು ಕುರಿಹಿಂಡಿನ ನಡುವೆ ಕಂಬಳಿ ಹೊದಿಸಿ ಕೂರಿಸಿದಳು.

ಓದಿ ಮುಗಿಸಿ ಮೊಮ್ಮಗಳು ಕೂತಳು. ಆಮೇಲೆ ಪರದೆಯ ಗಿಡ ಎಂದಿದ್ದ ಹುಡುಗಿಯೇ ಕೇಳಿದಳು: "ಈ ಮುದುಕಿ ಮುಂದಿನ ಅಧ್ಯಾಯದಾಗೂ ಬರ್ತಾಳಲ್ಲ?"

"ಬರ್ತಾಳ," ಎಂದಳು ಇವಳು.

ಹೊರಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದೆವು. ಎಲ್ಲ ಕೇಳಿ ಅವಳು ಹೇಳಿದ್ದಿಷ್ಟು: "ಅದೆಲ್ಲ ಇರಲಿ. ಡ್ರ್ಯಾಗನ್ ಹೋದ ಮ್ಯಾಲ ಜ್ವಾಳ ತೆಗೆದ್ರೋ ಇಲ್ಲೋ? ಮನಿ ಸುಟ್ಟ ಮಂದಿ ಹಸಿದಿರ್ತಾರ."

ಮೊಮ್ಮಗಳು ಅದನ್ನು ಬರೆದಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ಬಿಚ್ಚಿದಳು.

"ಮೊದಲು ಯಾರ ಮನಿಗಿ ಕೊಡ್ತಾರ್ರಿ ಆಯಿ?"

"ಹಸಿ ಬಾಣಂತಿ ಇದ್ದ ಮನಿಗಿ," ಎಂದಳು ಅಕ್ಕ. "ಬರಕೋ."